ಎಇಎಸ್-ಜಿಸಿಎಂ ಮೋಡ್ ಅನ್ನು ಸಣ್ಣ ಚಿಪ್ಪಿಗೆ ಬರೆಯುವ ಬಗೆ

ಎಇಎಸ್ ಎಂಬ ಬ್ಲಾಕ್ ಸೈಫರ್, ಅಂದರೆ ಗುಟ್ಟಿನ ಕೀ ಬಳಸಿ ಡೇಟಾವನ್ನು ತುಂಡು ತುಂಡಾಗಿ ಗೂಢಲಿಪಿ ಮಾಡುವ ವಿಧಾನ, 16 ಬೈಟ್ ಒಳಗೆ ತೆಗೆದುಕೊಂಡು 16 ಬೈಟ್ ಹೊರಗೆ ಕೊಡುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ. 17ನೇ ಬೈಟ್ ಬಂದರೆ ಏನು ಮಾಡಬೇಕು, ಒಂದೇ ಸಂದೇಶವನ್ನು ಎರಡು ಸಲ ಕಳಿಸಿದರೂ ನೋಡುವವರಿಗೆ ಗೊತ್ತಾಗದಂತೆ ಹೇಗೆ ಮುಚ್ಚಬೇಕು, ದಾರಿಯಲ್ಲಿ ಯಾರಾದರೂ ಒಂದು ಬಿಟ್ ತಿರುವಿದರೆ ಹೇಗೆ ಹಿಡಿಯಬೇಕು? ಇದಕ್ಕೆಲ್ಲ ಉತ್ತರ ಹೇಳುವುದು ಮೋಡ್, ಅಂದರೆ ಎಇಎಸ್ ಅನ್ನು ಬಳಸುವ ಕ್ರಮ. ಜಿಸಿಎಂ ಅಂಥದ್ದೊಂದು ಮೋಡ್. 2001ರ ನವೆಂಬರಿನಲ್ಲಿ ಫಿಪ್ಸ್ 197 ಎಂಬ ಅಮೆರಿಕ ಸರ್ಕಾರದ ಮಾನದಂಡವಾಗಿ ಪ್ರಕಟವಾದ ಎಇಎಸ್ ಇಂದಿಗೂ ಗಟ್ಟಿಯಾಗಿ ನಿಂತಿದೆ. ಕೈಕೊಡುವುದು ಸಾಮಾನ್ಯವಾಗಿ ಅದರ ಸುತ್ತ ನಾವು ಬರೆದ ಕೋಡು.

ಪುಣೆಯ ಭೋಸರಿ, ಚಾಕಣ, ಪಿಂಪ್ರಿ ಕಡೆಯ ಕಾರ್ಖಾನೆಗಳಿಗೆ ಸಲಕರಣೆ ಮಾಡಿಕೊಡುವ ಕಂಪನಿಗಳಲ್ಲಿ ಫರ್ಮ್‌ವೇರ್ ಬರೆಯುವ ಕನ್ನಡದವರು ಸಾಕಷ್ಟು ಮಂದಿ ಇದ್ದಾರೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಲ್ಲಿ ಓದಿ ಬಂದವರು. ಈ ಬರಹ ಅವರಿಗಾಗಿ. ಉದಾಹರಣೆಗೆ ಭೋಸರಿಯ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದ ಕುಲುಮೆಗೆ ಹಾಕಿದ ತಾಪಮಾನ ಲಾಗರ್ ಇದೆ ಎಂದುಕೊಳ್ಳಿ. 10 ಸೆಕೆಂಡಿಗೊಮ್ಮೆ 40 ಬೈಟಿನ ಒಂದು ಸಂದೇಶವನ್ನು ರೇಡಿಯೋ ಮೂಲಕ ಗೇಟ್‌ವೇಗೆ ಕಳಿಸುತ್ತದೆ. ಒಳಗಿರುವುದು ಆಪರೇಟಿಂಗ್ ಸಿಸ್ಟಂ ಇಲ್ಲದ ಸಣ್ಣ ಮೈಕ್ರೋಕಂಟ್ರೋಲರ್. ಅದರಲ್ಲಿ ಒಂದು ಬ್ಲಾಕ್ ಎನ್‌ಕ್ರಿಪ್ಟ್ ಮಾಡುವ ಎಇಎಸ್ ಹಾರ್ಡ್‌ವೇರ್ ಮಾತ್ರ ಇದೆ, ಜಿಸಿಎಂ ಇಲ್ಲ. ಅದನ್ನು ನೀವೇ ಬರೆಯಬೇಕು.

ನಿಮ್ಮ ಬೋರ್ಡಿನಲ್ಲಿ ಲಿನಕ್ಸ್ ಓಡುತ್ತಿದ್ದರೆ, ಅಥವಾ ಎಂಬೆಡ್‌ಟಿಎಲ್‌ಎಸ್ ಎಂಬ ಸಿದ್ಧ ಕ್ರಿಪ್ಟೋ ಲೈಬ್ರರಿ ಹಿಡಿಸುವಷ್ಟು ಫ್ಲ್ಯಾಶ್ ಇದ್ದರೆ, ಮೋಡ್ ಅನ್ನು ಬರೆಯಬೇಡಿ, ಲೈಬ್ರರಿಯನ್ನೇ ಬಳಸಿ. ಆಗಲೂ ಕೆಳಗೆ ನಾನ್ಸ್ (ಒಂದು ಕೀ ಕೆಳಗೆ ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ) ಬಗ್ಗೆ ಹೇಳಿರುವ ಭಾಗವನ್ನು ಓದಲೇಬೇಕು. ಯಾವ ಲೈಬ್ರರಿಯೂ ಆ ಹೊಣೆಯನ್ನು ನಿಮ್ಮಿಂದ ಪೂರ್ತಿ ಇಳಿಸಿಕೊಳ್ಳುವುದಿಲ್ಲ.

ಯಾಕೆ ಜಿಸಿಎಂ

ಇಸಿಬಿ ಮೋಡಿನಲ್ಲಿ ಪ್ರತಿ ಬ್ಲಾಕ್ ಪ್ರತ್ಯೇಕವಾಗಿ ಹೋಗುತ್ತದೆ. ಕುಲುಮೆ ಒಂದು ಗಂಟೆ 850 ಡಿಗ್ರಿಯಲ್ಲೇ ನಿಂತರೆ ಆ ಗಂಟೆಯಿಡೀ ಒಂದೇ ಸೈಫರ್‌ಟೆಕ್ಸ್ಟ್ (ಗೂಢಲಿಪಿಯಾದ ಬೈಟುಗಳು) ಬರುತ್ತದೆ. ಕೀ ಇಲ್ಲದವರೂ ಕುಲುಮೆ ಸ್ಥಿರವಾಗಿದೆ ಎಂದು ಹೇಳಬಲ್ಲರು. ಪ್ರತಿ ಬ್ಲಾಕನ್ನು ಹಿಂದಿನದರ ಜೊತೆ ಬೆರೆಸುವ ಸಿಬಿಸಿ ಮೋಡ್ ಇದನ್ನು ಸರಿಪಡಿಸುತ್ತದೆ, ಆದರೆ ಸಂದೇಶ ತಿದ್ದಲಾಗಿದೆಯೇ ಎಂದು ಹೇಳುವುದಿಲ್ಲ. ಮೇಲಾಗಿ ಪ್ಯಾಡಿಂಗ್ (ಕೊನೆಯ ಬ್ಲಾಕ್ ತುಂಬಿಸಲು ಸೇರಿಸುವ ಬೈಟುಗಳು) ತಪ್ಪಿದಾಗ ಒಂದು ಉತ್ತರ, ಸರಿಯಿದ್ದಾಗ ಇನ್ನೊಂದು ಉತ್ತರ ಕೊಡುವ ರಿಸೀವರ್ ಇದ್ದರೆ, ಅದನ್ನೇ ಮತ್ತೆ ಮತ್ತೆ ಕೇಳಿ ಇಡೀ ಸಂದೇಶವನ್ನು ಬಿಡಿಸಬಹುದು ಎಂದು ಕ್ರಿಪ್ಟೋ ಸಂಶೋಧಕ ಸೆರ್ಜ್ ವೊದನೆ 2002ರಲ್ಲಿ ತೋರಿಸಿದರು. ಹನ್ನೆರಡು ವರ್ಷದ ಬಳಿಕ ವೆಬ್ ಸಂಪರ್ಕಗಳ ಮೇಲಿನ ಪೂಡಲ್ ದಾಳಿಯಲ್ಲಿ ನಡೆದದ್ದೂ ಇದೇ ಜಾತಿಯ ಕೆಲಸ.

ಜಿಸಿಎಂ ಎರಡು ಭಾಗಗಳ ಜೋಡಣೆ. ಒಂದು, ಕೌಂಟರ್ ಮೋಡ್: ಏರುತ್ತ ಹೋಗುವ ಕೌಂಟರನ್ನು ಎಇಎಸ್‌ಗೆ ಕೊಟ್ಟು, ಬಂದದ್ದನ್ನು (ಇದೇ ಕೀಸ್ಟ್ರೀಮ್) ಸಂದೇಶದ ಜೊತೆ ಎಕ್ಸಾರ್ (ಬಿಟ್‌ಗಳು ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0) ಮಾಡುವುದು. ಇನ್ನೊಂದು, ಜಿಹ್ಯಾಶ್: ಸೈಫರ್‌ಟೆಕ್ಸ್ಟಿನಿಂದ 16 ಬೈಟಿನ ಟ್ಯಾಗ್, ಅಂದರೆ ಸಂದೇಶವನ್ನು ಯಾರೂ ತಿದ್ದಿಲ್ಲ ಎಂದು ತೋರಿಸುವ ಮುದ್ರೆ, ತೆಗೆಯುವುದು. ಇದರ ಅಧಿಕೃತ ವಿವರಣೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2007ರಲ್ಲಿ ಹೊರತಂದ ಎಸ್‌ಪಿ 800-38ಡಿ. ಎರಡೂ ದಿಕ್ಕಿಗೆ ಎಇಎಸ್‌ನ ಎನ್‌ಕ್ರಿಪ್ಟ್ ಮಾತ್ರ ಸಾಕು, ಡಿಕ್ರಿಪ್ಟ್ ಬೇಡ. ಹಾಗಾಗಿ ಎಇಎಸ್ ಸಾಫ್ಟ್‌ವೇರಿನಲ್ಲಿದ್ದರೆ ಡಿಕ್ರಿಪ್ಟಿಗಷ್ಟೇ ಬೇಕಾದ ವಿಲೋಮ ಎಸ್-ಬಾಕ್ಸಿನ 256 ಬೈಟ್ ಟೇಬಲ್ಲನ್ನೂ ಅದರ ಕೋಡನ್ನೂ ಕಿತ್ತು ಹಾಕಬಹುದು. ಪ್ಯಾಡಿಂಗ್ ಸಂದೇಶಕ್ಕೆ ಸೇರುವುದೇ ಇಲ್ಲ. 40 ಬೈಟ್ ಹೋದರೆ 40 ಬೈಟೇ ಬರುತ್ತದೆ.

ಸಂದೇಶದ ಆಕಾರ

ಕೋಡಿಗೆ ಕೈ ಹಾಕುವ ಮುನ್ನ ಕಾಗದದ ಮೇಲೆ ಬೈಟುಗಳನ್ನು ಬರೆದುಕೊಳ್ಳಿ. ನಮ್ಮ ಲಾಗರಿಗೆ ಹೀಗಿರಲಿ: ಆವೃತ್ತಿ 1 ಬೈಟ್, ಸಂದೇಶದ ಬಗೆ 1 ಬೈಟ್, ಕೀ ನಂಬರ್ 2 ಬೈಟ್, ಬಳಿಕ ಸಾಧನದ ನಂಬರ್ 4 ಬೈಟ್, ಕೌಂಟರ್ 8 ಬೈಟ್, ಬಳಿಕ ಸೈಫರ್‌ಟೆಕ್ಸ್ಟ್ 40, ಕೊನೆಗೆ ಟ್ಯಾಗ್ 16. ಒಟ್ಟು 72 ಬೈಟ್. ಸಾಧನದ ನಂಬರ್ ಮತ್ತು ಕೌಂಟರ್ ಸೇರಿ 12 ಬೈಟಿನ ನಾನ್ಸ್ ಆಗುತ್ತದೆ. ಮೊದಲ 4 ಬೈಟ್ ಎಎಡಿ, ಅಂದರೆ ಗುಟ್ಟಾಗಿರಬೇಕಿಲ್ಲದ, ಆದರೆ ಯಾರೂ ತಿದ್ದಬಾರದ ಭಾಗ. ನಾನ್ಸನ್ನು ಎಎಡಿಗೆ ಮತ್ತೆ ಸೇರಿಸುವ ಅಗತ್ಯವಿಲ್ಲ. ಅದನ್ನು ತಿದ್ದಿದರೆ ಟ್ಯಾಗ್ ತಾನಾಗಿ ತಪ್ಪುತ್ತದೆ.

ಜಿಸಿಎಂ ಬೇರೆ ಉದ್ದದ ನಾನ್ಸನ್ನೂ ಒಪ್ಪುತ್ತದೆ, ಆದರೆ ಆಗ ಅದನ್ನು ಮೊದಲು ಜಿಹ್ಯಾಶ್ ಮೂಲಕ ಹಾಯಿಸಬೇಕು. ಆ ದಾರಿಯನ್ನು ಬರೆಯಲೇಬೇಡಿ. 12 ಅಲ್ಲದ ಉದ್ದ ಬಂದರೆ ಫಂಕ್ಷನ್ ದೋಷ ಹೇಳಿ ಮರಳಲಿ. ಹಾಗೆಯೇ ರೇಡಿಯೋದಲ್ಲಿ ಜಾಗ ಸಾಲದು ಎಂದು ಟ್ಯಾಗನ್ನು 4 ಬೈಟಿಗೆ ಕತ್ತರಿಸುವ ಆಸೆ ಬರುತ್ತದೆ. ಸಾಮಾನ್ಯ ಬಳಕೆಗೆ 12ಕ್ಕಿಂತ ಕೆಳಗಿಳಿಯಬೇಡಿ. ಜಿಸಿಎಂನಲ್ಲಿ ಟ್ಯಾಗ್ ಚಿಕ್ಕದಾದಷ್ಟೂ ಒಂದು ಸುಳ್ಳು ಸಂದೇಶ ಒಪ್ಪಿತವಾಗುವುದು ಮುಂದಿನ ಸುಳ್ಳುಗಳಿಗೆ ದಾರಿ ಮಾಡಿಕೊಡುತ್ತದೆ. ಜಾಗ ಉಳಿಸಬೇಕೆಂದರೆ ಎರಡೂ ಕಡೆಗೆ ಮೊದಲೇ ಗೊತ್ತಿರುವ ಸಾಧನದ ನಂಬರನ್ನು ಕಳಿಸದೆ ಬಿಡಿ. 4 ಬೈಟ್ ಉಳಿಯಿತು.

ಒಳಗಿನ ಸ್ಥಿತಿಗೆ ಬೇಕಾದ ಮೆಮೊರಿ: ಎಇಎಸ್-128ರ ರೌಂಡ್ ಕೀಗಳಿಗೆ 176 ಬೈಟ್ (ಹಾರ್ಡ್‌ವೇರ್ ಆದರೆ ಇದು ಬೇಡ, 256 ಬಿಟ್ ಕೀ ಆದರೆ 240), ಹ್ಯಾಶ್ ಕೀ ಎಚ್ 16, ಶುರುವಿನ ಕೌಂಟರ್ ಬ್ಲಾಕ್ ಜೆ-ಸೊನ್ನೆ 16, ಓಡುತ್ತಿರುವ ಕೌಂಟರ್ 16, ಕೀಸ್ಟ್ರೀಮ್ 16, ಜಿಹ್ಯಾಶ್ ಸಂಚಯ 16, ಎರಡು ಉದ್ದಗಳು 8 ಬೈಟಿನಂತೆ 16.

ಕೌಂಟರ್ ಭಾಗ

ಮೊದಲು 16 ಸೊನ್ನೆ ಬೈಟುಗಳನ್ನು ಎನ್‌ಕ್ರಿಪ್ಟ್ ಮಾಡಿ. ಬಂದದ್ದೇ ಎಚ್. ಕೀ ಬದಲಾಗುವ ತನಕ ಇದು ಬದಲಾಗುವುದಿಲ್ಲ, ಒಮ್ಮೆ ಲೆಕ್ಕ ಮಾಡಿಟ್ಟುಕೊಂಡರೆ ಸಾಕು. ಇದು ಹೊರಗೆ ಹೋದರೆ ಟ್ಯಾಗುಗಳನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಹಾಗಾಗಿ ಡಿಬಗ್ ಪ್ರಿಂಟಿನಲ್ಲಿ ಕೀಯನ್ನು ಹೇಗೆ ಬಿಡುವುದಿಲ್ಲವೋ ಇದನ್ನೂ ಹಾಗೇ ಬಿಡಬಾರದು.

12 ಬೈಟ್ ನಾನ್ಸಿನ ಹಿಂದೆ 0, 0, 0, 1 ಎಂಬ ನಾಲ್ಕು ಬೈಟ್ ಸೇರಿಸಿದರೆ ಜೆ-ಸೊನ್ನೆ. ಇದನ್ನು ಎನ್‌ಕ್ರಿಪ್ಟ್ ಮಾಡಿ ಬದಿಗಿಡಿ, ಕೊನೆಗೆ ಟ್ಯಾಗಿಗೆ ಬೇಕು. ಸಂದೇಶದ ಮೊದಲ ಬ್ಲಾಕಿಗೆ ಬಳಸುವ ಕೌಂಟರ್ 2. ಇಲ್ಲಿ 1ರಿಂದ ಶುರು ಮಾಡುವ ತಪ್ಪು ಬಹಳ ಸಾಮಾನ್ಯ. ಅದರ ಪರಿಣಾಮ ಬರೀ ಹೊಂದಾಣಿಕೆಯ ತೊಂದರೆಯಲ್ಲ: ಟ್ಯಾಗನ್ನು ಮುಚ್ಚುವ ಕೀಸ್ಟ್ರೀಮೇ ಸಂದೇಶವನ್ನೂ ಮುಚ್ಚಿದಂತಾಗುತ್ತದೆ, ಮೊದಲ ಬ್ಲಾಕನ್ನು ಊಹಿಸಬಲ್ಲವರಿಗೆ ಟ್ಯಾಗಿನ ಮುಸುಕು ಕೈಗೆ ಸಿಕ್ಕಿತು.

ಕೌಂಟರ್ ಎಂದರೆ ಕೊನೆಯ 4 ಬೈಟ್ ಮಾತ್ರ, ದೊಡ್ಡ ಬೈಟ್ ಮೊದಲು. ಎಆರ್‌ಎಂ ಚಿಪ್ಪುಗಳು ಸಾಮಾನ್ಯವಾಗಿ ಸಣ್ಣ ಬೈಟ್ ಮೊದಲು ಇಡುತ್ತವೆ. ಆದ್ದರಿಂದ 32 ಬಿಟ್ ಪಾಯಿಂಟರ್ ಹಾಕಿ ಒಂದು ಕೂಡಿಸಿದರೆ ತಪ್ಪುತ್ತದೆ. 15ನೇ ಬೈಟಿಗೆ ಒಂದು ಕೂಡಿಸಿ, ಅದು ಸೊನ್ನೆಗೆ ಉರುಳಿದರೆ 14ನೆಯದಕ್ಕೆ, ಹೀಗೆ 12ನೇ ಬೈಟಿನ ತನಕ ಹೋಗಿ ಅಲ್ಲಿಗೆ ನಿಲ್ಲಿಸಿ. 11ನೇ ಬೈಟ್ ನಾನ್ಸಿನದು, ಅದಕ್ಕೆ ಕೈ ಹಾಕಬಾರದು. ಈ ನಾಲ್ಕು ಬೈಟಿನ ಮಿತಿಯಿಂದಲೇ ಒಂದು ಸಂದೇಶ 68,71,94,76,704 ಬೈಟ್ ದಾಟುವಂತಿಲ್ಲ. ಲಾಗರಿಗೆ ಇದು ತಲೆನೋವಲ್ಲ. ಅದೇ ಕೋಡನ್ನು ಸರ್ವರಿನ ಬ್ಯಾಕಪ್ ಫೈಲಿಗೆ ಬಳಸಿದರೆ ತಲೆನೋವು. ಎರಡೇ ಸಾಲಿನ ತಪಾಸಣೆ, ಹಾಕಿಬಿಡಿ.

ಕೊನೆಯ ಬ್ಲಾಕ್ ಅರ್ಧವಾಗಿದ್ದರೆ ಕೀಸ್ಟ್ರೀಮಿನಲ್ಲಿ ಬೇಕಾದಷ್ಟು ಬೈಟ್ ಬಳಸಿ ಉಳಿದದ್ದನ್ನು ಬಿಡಿ. 40 ಬೈಟಿಗೆ ಮೂರು ಬ್ಲಾಕ್, ಮೂರನೆಯದರಲ್ಲಿ 8 ಬೈಟ್ ಮಾತ್ರ. ಸಂದೇಶವನ್ನು ತುಂಡು ತುಂಡಾಗಿ ಕೊಡುವ ಅಪ್‌ಡೇಟ್ ಫಂಕ್ಷನ್ ಬರೆಯುವುದಾದರೆ ಹಿಂದಿನ ಕರೆಯಲ್ಲಿ ಬ್ಲಾಕಿನ ಎಷ್ಟನೇ ಬೈಟಿನಲ್ಲಿ ನಿಂತಿದ್ದಿರಿ ಎಂಬುದನ್ನು ನೆನಪಿಡಬೇಕು. ಪ್ರತಿ ಕರೆಗೂ ಹೊಸ ಬ್ಲಾಕಿನಿಂದ ಶುರು ಮಾಡುವ ಕೋಡು, ತುಂಡುಗಳೆಲ್ಲ 16ರ ಗುಣಕಗಳಾಗಿರುವ ತನಕ ಸರಿಯಾಗಿಯೇ ಓಡುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಶಾಪ್‌ಫ್ಲೋರಿನಲ್ಲಿ ಬೀಳುತ್ತದೆ.

ಉದ್ದದ ಬಗ್ಗೆ ಇನ್ನೊಂದು ಮಾತು, ಕನ್ನಡ ಪಠ್ಯ ಕಳಿಸುವವರಿಗೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್. ‘ಮುಂಬಯಿ’ ಕಣ್ಣಿಗೆ ಮೂರಕ್ಷರ, ಯೂನಿಕೋಡಿನಲ್ಲಿ 6 ಚಿಹ್ನೆ, ಬೈಟಿನಲ್ಲಿ 18, ಅಂದರೆ ಒಂದು ಬ್ಲಾಕ್ ದಾಟಿ ಎರಡು ಬೈಟ್. ಸೈಫರಿಗೆ ಕೊಡಬೇಕಾದದ್ದು ಬೈಟುಗಳ ಎಣಿಕೆ, ಸ್ಟ್ರಿಂಗಿನ ಉದ್ದವಲ್ಲ. ಇನ್ನೂ ನವಿರಾದ ತೊಡಕೊಂದಿದೆ. ‘ಭೋಸರಿ’ಯ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಒಡೆಯಬಹುದು. ಮೊದಲನೆಯದು 15 ಬೈಟ್, ಎರಡನೆಯದು 21. ಪರದೆಯ ಮೇಲೆ ಎರಡೂ ಒಂದೇ. ಘಟಕದ ಹೆಸರನ್ನು ಎಎಡಿಗೆ ಹಾಕಿ, ಸಾಧನ ಒಂದು ರೂಪವನ್ನೂ ಸರ್ವರ್ ಇನ್ನೊಂದನ್ನೂ ಬಳಸಿದರೆ ಟ್ಯಾಗ್ ಎಂದಿಗೂ ಹೊಂದುವುದಿಲ್ಲ, ಯಾಕೆಂದು ಕಣ್ಣಿಗೆ ಕಾಣುವುದೂ ಇಲ್ಲ. ಎರಡೂ ಕಡೆ ಕೂಡಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತಂದುಕೊಳ್ಳಿ. ಸಾಧ್ಯವಿದ್ದರೆ ಎಎಡಿಯಲ್ಲಿ ಹೆಸರಿನ ಬದಲು ನಂಬರ್ ಇಡಿ.

ಜಿಹ್ಯಾಶ್

ಇಲ್ಲಿ ಕಷ್ಟವಾಗುವುದು ಗಣಿತಕ್ಕಿಂತ ಬಿಟ್‌ಗಳ ಕ್ರಮ. ಜಿಸಿಎಂನಲ್ಲಿ 0ನೇ ಬೈಟಿನ ಅತಿ ದೊಡ್ಡ ಬಿಟ್ ಬಹುಪದದ ಸ್ಥಿರಾಂಕ. 15ನೇ ಬೈಟಿನ ಅತಿ ಸಣ್ಣ ಬಿಟ್ 127ನೇ ಘಾತ. ಸಾಮಾನ್ಯವಾಗಿ ನಾವು ಬರೆಯುವುದಕ್ಕೆ ಪೂರ್ತಿ ತಿರುಗುಮುರುಗು. ಹಾಗಾಗಿ ‘ಎಕ್ಸ್‌ನಿಂದ ಗುಣಿಸು’ ಎಂದರೆ ಇಲ್ಲಿ ಬಲಕ್ಕೆ ಸರಿಸು.

ಎ ಮತ್ತು ಬಿ ಎಂಬ ಎರಡು ಬ್ಲಾಕುಗಳ ಗುಣಾಕಾರ:

ಝಡ್‌ಗೆ 16 ಸೊನ್ನೆ ಹಾಕಿ. ವಿಗೆ ಬಿಯನ್ನು ನಕಲು ಮಾಡಿ.
ಎಯ ಬಿಟ್‌ಗಳನ್ನು 0ನೇ ಬೈಟಿನ ದೊಡ್ಡ ಬಿಟ್ಟಿನಿಂದ ಶುರು ಮಾಡಿ ಒಂದೊಂದಾಗಿ 128 ಸಲ ತೆಗೆದುಕೊಳ್ಳಿ.
ಆ ಬಿಟ್ 1 ಆದರೆ ಝಡ್‌ಗೆ ವಿಯನ್ನು ಎಕ್ಸಾರ್ ಮಾಡಿ.
ವಿಯ 15ನೇ ಬೈಟಿನ ಸಣ್ಣ ಬಿಟ್ಟನ್ನು ನೆನಪಿಟ್ಟುಕೊಂಡು, ಇಡೀ ವಿಯನ್ನು ಒಂದು ಬಿಟ್ ಬಲಕ್ಕೆ ಸರಿಸಿ.
ನೆನಪಿಟ್ಟ ಬಿಟ್ 1 ಆಗಿದ್ದರೆ ವಿಯ 0ನೇ ಬೈಟಿಗೆ 225 ಎಕ್ಸಾರ್ ಮಾಡಿ.
128 ಸುತ್ತು ಮುಗಿದ ಮೇಲೆ ಝಡ್‌ನಲ್ಲಿರುವುದೇ ಉತ್ತರ.

ಈ ‘ಆದರೆ’ಗಳನ್ನು ಇಫ್ ಹಾಕಿ ಬರೆಯಬೇಡಿ. ಬಿಟ್ಟಿನ ಬೆಲೆಗೆ ತಕ್ಕಂತೆ ಓಡುವ ಸಮಯ ಬದಲಾದರೆ ಎಚ್ ಸೋರುತ್ತದೆ. ಸೊನ್ನೆಯಿಂದ ಬಿಟ್ಟನ್ನು ಕಳೆದರೆ, ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ, ಎಲ್ಲ ಸೊನ್ನೆಗಳ ಅಥವಾ ಎಲ್ಲ ಒಂದುಗಳ ಮಾಸ್ಕ್ ಸಿಗುತ್ತದೆ. ವಿಯನ್ನು, ಹಾಗೆಯೇ 225ನ್ನು, ಆ ಮಾಸ್ಕಿನ ಜೊತೆ ಆಂಡ್ ಮಾಡಿ ಎಕ್ಸಾರ್ ಮಾಡಿದರಾಯಿತು. ವಿಯನ್ನು ನಾಲ್ಕು 32 ಬಿಟ್ ಪದಗಳಾಗಿ ಇಟ್ಟುಕೊಂಡರೆ ಬೈಟ್ ಬೈಟಾಗಿ ಸರಿಸುವುದಕ್ಕಿಂತ ಬಹಳ ವೇಗ, ಆದರೆ ತುಂಬುವಾಗ ದೊಡ್ಡ ಬೈಟ್ ಮೊದಲು ಬರುವಂತೆ ತುಂಬಬೇಕು.

ವೇಗ ಬೇಕೆಂದು ಎಚ್‌ನ 16 ಗುಣಕಗಳ 256 ಬೈಟ್ ಟೇಬಲ್ ಕಟ್ಟುವ ವಿಧಾನವೊಂದಿದೆ. ಡೇಟಾ ಕ್ಯಾಶ್ ಇರುವ ಪ್ರೊಸೆಸರಿನಲ್ಲಿ ಟೇಬಲ್ಲಿನ ಯಾವ ಸಾಲು ಓದಿದಿರಿ ಎಂಬುದು ಸಮಯದಲ್ಲಿ ಕಾಣಿಸಬಹುದು. ಅಂಥ ಕಡೆ ಇಂಟೆಲ್‌ನ ಪಿಸಿಎಲ್‌ಮುಲ್, ಎಆರ್‌ಎಂ ವಿ8ರ ಪಿಮುಲ್ ಸೂಚನೆಗಳೇ ಇರುತ್ತವೆ, ಅವನ್ನು ಬಳಸುವ ಲೈಬ್ರರಿಯೇ ಸರಿ. ನಮ್ಮ ಲಾಗರಿಗೆ ಬಿಟ್ ಬಿಟ್ಟಾಗಿ ಮಾಡುವ ಮೇಲಿನ ಸುತ್ತೇ ಧಾರಾಳ: ಒಂದು ಸಂದೇಶಕ್ಕೆ ಐದು ಗುಣಾಕಾರ, ನಾಲ್ಕು ಎಇಎಸ್ ಕರೆ, ಅದೂ 10 ಸೆಕೆಂಡಿಗೊಮ್ಮೆ.

ಐದು ಎಲ್ಲಿಂದ ಬಂತು? ಸಂಚಯವನ್ನು ಸೊನ್ನೆಯಿಂದ ಶುರು ಮಾಡಿ, ಪ್ರತಿ ಬ್ಲಾಕನ್ನು ಅದಕ್ಕೆ ಎಕ್ಸಾರ್ ಮಾಡಿ, ಎಚ್‌ನಿಂದ ಗುಣಿಸಿ, ಫಲವನ್ನು ಮತ್ತೆ ಸಂಚಯಕ್ಕೆ ಹಾಕಬೇಕು. ಮೊದಲು ಎಎಡಿ: 4 ಬೈಟ್ ಇದೆ, ಹಿಂದೆ 12 ಸೊನ್ನೆ ತುಂಬಿ ಒಂದು ಬ್ಲಾಕ್. ಬಳಿಕ ಸೈಫರ್‌ಟೆಕ್ಸ್ಟ್: 40 ಬೈಟ್, ಹಿಂದೆ 8 ಸೊನ್ನೆ ತುಂಬಿ ಮೂರು ಬ್ಲಾಕ್. ಕೊನೆಗೆ ಉದ್ದಗಳ ಬ್ಲಾಕ್ ಒಂದು. ಎಎಡಿಯನ್ನೂ ಸೈಫರ್‌ಟೆಕ್ಸ್ಟನ್ನೂ ಒಂದಕ್ಕೊಂದು ಅಂಟಿಸಿ ಕೊನೆಗೆ ಮಾತ್ರ ಸೊನ್ನೆ ತುಂಬುವುದು ತಪ್ಪು. ಎರಡಕ್ಕೂ ಬೇರೆ ಬೇರೆ ತುಂಬಬೇಕು. ಉದ್ದಗಳು ಬೈಟಿನಲ್ಲಲ್ಲ, ಬಿಟ್ಟಿನಲ್ಲಿ: 4 ಬೈಟ್ ಎಂದರೆ 32, 40 ಬೈಟ್ ಎಂದರೆ 320. ಹಾಗಾಗಿ ಉದ್ದಗಳ ಬ್ಲಾಕ್ ಹೀಗಿರುತ್ತದೆ: 0, 0, 0, 0, 0, 0, 0, 32, 0, 0, 0, 0, 0, 0, 1, 64. ಡಿಕ್ರಿಪ್ಟ್ ಮಾಡುವಾಗಲೂ ಜಿಹ್ಯಾಶ್‌ಗೆ ಹೋಗುವುದು ಸೈಫರ್‌ಟೆಕ್ಸ್ಟೇ. ಒಂದೇ ಬಫರಿನಲ್ಲಿ ಬಿಡಿಸುವ ಕೋಡಿನಲ್ಲಿ ಮೊದಲು ಎಕ್ಸಾರ್ ಮಾಡಿ ಆಮೇಲೆ ಹ್ಯಾಶ್ ಮಾಡಿದರೆ ಬಿಡಿಸಿದ ಪಠ್ಯವನ್ನು ಹ್ಯಾಶ್ ಮಾಡಿದಂತಾಗುತ್ತದೆ.

ಕೊನೆಯ ಸಂಚಯಕ್ಕೆ, ಬದಿಗಿಟ್ಟಿದ್ದ ಜೆ-ಸೊನ್ನೆಯ ಎನ್‌ಕ್ರಿಪ್ಟನ್ನು ಎಕ್ಸಾರ್ ಮಾಡಿ. ಅದೇ ಟ್ಯಾಗ್.

ತಪ್ಪು ಎಲ್ಲಿದೆ ಎಂದು ಅಂಕಿಗಳೇ ಹೇಳುತ್ತವೆ

ಗುಣಾಕಾರವನ್ನು ಬೇರೆಯಾಗಿ ಮೊದಲು ಪರೀಕ್ಷಿಸಿ. 0ನೇ ಬೈಟ್ 128, ಉಳಿದದ್ದೆಲ್ಲ ಸೊನ್ನೆ ಇರುವ ಬ್ಲಾಕ್ ಇಲ್ಲಿ ‘ಒಂದು’. ಅದರಿಂದ ಯಾವುದನ್ನು ಗುಣಿಸಿದರೂ ಅದೇ ಬರಬೇಕು. 15ನೇ ಬೈಟ್ ಮಾತ್ರ 1 ಇರುವ ಬ್ಲಾಕನ್ನು 0ನೇ ಬೈಟ್ ಮಾತ್ರ 64 ಇರುವ ಬ್ಲಾಕಿನಿಂದ ಗುಣಿಸಿದರೆ 0ನೇ ಬೈಟ್ 225, ಉಳಿದದ್ದು ಸೊನ್ನೆ ಬರಬೇಕು. ಎಡಬಲ ಅದಲುಬದಲು ಮಾಡಿದರೂ ಅದೇ ಉತ್ತರ ಬರಬೇಕು. ಈ ಮೂರನ್ನು ದಾಟಿದರೆ ಬಿಟ್ ಕ್ರಮ ಸರಿಯಿದೆ.

ಇನ್ನು ಇಡೀ ಮೋಡ್. ಜಿಸಿಎಂನ ಪರೀಕ್ಷಾ ಮೌಲ್ಯಗಳಲ್ಲಿ ಮೊದಲ ಎರಡನ್ನು ಇಲ್ಲಿ ದಶಮಾನದ ಬೈಟುಗಳಾಗಿ ಕೊಟ್ಟಿದೆ. 128 ಬಿಟ್ ಕೀ, 12 ಬೈಟ್ ನಾನ್ಸ್, ಎರಡೂ ಪೂರ್ತಿ ಸೊನ್ನೆ, ಎಎಡಿ ಇಲ್ಲ.

ಎಚ್: 102, 233, 75, 212, 239, 138, 44, 59, 136, 76, 250, 89, 202, 52, 43, 46.

ಮೊದಲ ಪರೀಕ್ಷೆ, ಖಾಲಿ ಸಂದೇಶ. ಟ್ಯಾಗ್: 88, 226, 252, 206, 250, 126, 48, 97, 54, 127, 29, 87, 164, 231, 69, 90.

ಎರಡನೇ ಪರೀಕ್ಷೆ, 16 ಸೊನ್ನೆಗಳ ಸಂದೇಶ. ಸೈಫರ್‌ಟೆಕ್ಸ್ಟ್: 3, 136, 218, 206, 96, 182, 163, 146, 243, 40, 194, 185, 113, 178, 254, 120. ಟ್ಯಾಗ್: 171, 110, 71, 212, 44, 236, 19, 189, 245, 58, 103, 178, 18, 87, 189, 223.

ಎಚ್ ತಪ್ಪಿದರೆ ದೋಷ ಎಇಎಸ್‌ನಲ್ಲೇ ಇದೆ, ಮೋಡ್ ಮುಟ್ಟಬೇಡಿ. ಹಾರ್ಡ್‌ವೇರ್ ಎಇಎಸ್ ಆದರೆ ಡೇಟಾ ರಿಜಿಸ್ಟರಿನ ಬೈಟ್ ಅದಲುಬದಲಿನ ಸೆಟ್ಟಿಂಗ್ ನೋಡಿ. ಎಚ್ ಸರಿಯಿದ್ದು ಮೊದಲ ಪರೀಕ್ಷೆಯ ಟ್ಯಾಗ್ ತಪ್ಪಿದರೆ ಜೆ-ಸೊನ್ನೆಯ ಕೊನೆಯ ನಾಲ್ಕು ಬೈಟ್ ತಿರುಗುಮುರುಗಾಗಿರುವ ಸಂಭವ ಹೆಚ್ಚು. ಎಚ್‌ಗೆ ಹಾರ್ಡ್‌ವೇರಿನ ಬೈಟ್ ಸೆಟ್ಟಿಂಗ್ ತಪ್ಪಿದ್ದರೂ ಇನ್‌ಪುಟ್ ಎಲ್ಲ ಸೊನ್ನೆಯಾದ್ದರಿಂದ ಆ ಬದಿಯ ದೋಷ ಕಾಣದೆ ಉಳಿಯಬಹುದು. ಅದು ಹೊರಬೀಳುವುದೂ ಇಲ್ಲೇ.

ಮೊದಲ ಪರೀಕ್ಷೆ ದಾಟಿದ್ದಕ್ಕೆ ಜಿಹ್ಯಾಶ್ ಸರಿಯಿದೆ ಎಂದು ತಿಳಿಯಬೇಡಿ. ಖಾಲಿ ಸಂದೇಶದಲ್ಲಿ ಉದ್ದಗಳೂ ಸೊನ್ನೆ, ಜಿಹ್ಯಾಶ್‌ನ ಫಲವೂ ಸೊನ್ನೆ. ಅಲ್ಲಿ ಬರುವ ಟ್ಯಾಗ್ ಬರೀ ಜೆ-ಸೊನ್ನೆಯ ಎನ್‌ಕ್ರಿಪ್ಟ್. ಜಿಹ್ಯಾಶ್ ಬರೆಯದೇ ಇದ್ದರೂ ಈ ಪರೀಕ್ಷೆ ಪಾಸಾಗುತ್ತದೆ.

ಎರಡನೇ ಪರೀಕ್ಷೆಯ ಸೈಫರ್‌ಟೆಕ್ಸ್ಟ್ 88, 226, 252 ಎಂದು ಶುರುವಾದರೆ ನಿಮ್ಮ ಕೌಂಟರ್ 1ರಿಂದ ಹೊರಟಿದೆ. 102, 233, 75 ಎಂದು ಶುರುವಾದರೆ ಸೊನ್ನೆಯಿಂದ ಹೊರಟಿದೆ. ಸೈಫರ್‌ಟೆಕ್ಸ್ಟ್ ಸರಿಯಿದ್ದು ಟ್ಯಾಗ್ ಮಾತ್ರ ತಪ್ಪಿದರೆ ಜಿಹ್ಯಾಶ್ ಸಂಚಯವನ್ನು ಹಂತ ಹಂತವಾಗಿ ಪ್ರಿಂಟ್ ಮಾಡಿ. ಮೊದಲ ಬ್ಲಾಕಿನ ನಂತರ 94, 46, 199, 70 ಎಂದು ಶುರುವಾಗಬೇಕು. ಉದ್ದಗಳ ಬ್ಲಾಕಿನ ನಂತರ 243, 140, 187, 26 ಎಂದು. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂದಾದರೆ ಉದ್ದವನ್ನು 128 ಎಂದು ಬರೆಯುವ ಬದಲು 16 ಎಂದು ಬರೆದಿದ್ದೀರಿ, ಇಲ್ಲವೇ ತಪ್ಪು ಅರ್ಧದಲ್ಲಿ ಬರೆದಿದ್ದೀರಿ.

ಇಷ್ಟಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಅದೇ ಸಿ ಕೋಡನ್ನು ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಜೊತೆ ಹೋಲಿಸಿ: ಸಂದೇಶದ ಉದ್ದ 0ಯಿಂದ 64, ಎಎಡಿಯ ಉದ್ದ 0ಯಿಂದ 64, ಪ್ರತಿ ಸಂದೇಶವನ್ನೂ ಸಾಧ್ಯವಿರುವ ಪ್ರತಿ ಜಾಗದಲ್ಲಿ ತುಂಡರಿಸಿ. ಆಮೇಲೆ ಹಾಳು ಮಾಡುವ ಪರೀಕ್ಷೆ: ನಾನ್ಸ್, ಎಎಡಿ, ಸೈಫರ್‌ಟೆಕ್ಸ್ಟ್, ಟ್ಯಾಗ್, ನಾಲ್ಕರಲ್ಲೂ ಒಂದೊಂದೇ ಬಿಟ್ ತಿರುವಿ, ಪ್ರತಿ ಸಲವೂ ನಿರಾಕರಣೆ ಬರುತ್ತದೆಯೇ ನೋಡಿ. ಗೂಗಲ್ ಶುರು ಮಾಡಿದ ವೈಚೆಪ್ರೂಫ್ ಎಂಬ ಮುಕ್ತ ಪರೀಕ್ಷಾ ಸಂಗ್ರಹದಲ್ಲಿ ಜಿಸಿಎಂಗೆ ಮೀಸಲಾದ ಮೌಲ್ಯಗಳಿವೆ, ಅವನ್ನೂ ಓಡಿಸಿ.

ಟ್ಯಾಗ್ ಒಪ್ಪುವ ಮೊದಲು ಏನನ್ನೂ ಹೊರಬಿಡಬೇಡಿ

ಟ್ಯಾಗುಗಳನ್ನು ಹೋಲಿಸಲು ಸಿ ಭಾಷೆಯ ಮೆಮ್‌ಸಿಎಂಪಿ ಬೇಡ. ಅದು ಮೊದಲ ವ್ಯತ್ಯಾಸ ಕಂಡ ಕೂಡಲೇ ಮರಳಬಹುದು. ಎಷ್ಟು ಬೈಟ್ ಹೊಂದಿತು ಎಂಬುದು ಸಮಯದಲ್ಲಿ ಗೊತ್ತಾಗುತ್ತದೆ. 16 ಬೈಟುಗಳ ವ್ಯತ್ಯಾಸವನ್ನೂ ಎಕ್ಸಾರ್ ಮಾಡಿ ಒಂದೇ ವೇರಿಯಬಲ್‌ಗೆ ಆರ್ ಮಾಡುತ್ತ ಹೋಗಿ, ಕೊನೆಗೊಮ್ಮೆ ಸೊನ್ನೆಯೇ ಎಂದು ನೋಡಿ. ತಪ್ಪಿದ್ದರೆ ಔಟ್‌ಪುಟ್ ಬಫರನ್ನು ಅಳಿಸಿ. ಮುಂದೆ ಬಳಕೆಯಾಗದ ಬಫರಿಗೆ ಹಾಕಿದ ಮೆಮ್‌ಸೆಟ್ಟನ್ನು ಕಂಪೈಲರ್ ವ್ಯರ್ಥವೆಂದು ತೆಗೆದುಬಿಡಬಹುದು; ವೊಲಟೈಲ್ ಪಾಯಿಂಟರ್ ಮೂಲಕ ಅಳಿಸಿ. ಬಿಡಿಸಿದ ತುಂಡುಗಳನ್ನು ಬಂದ ಹಾಗೆ ಮುಂದಿನ ಫಂಕ್ಷನ್ನಿಗೆ ದಾಟಿಸುವ ವಿನ್ಯಾಸವಿದ್ದರೆ, ಮುಖ್ಯವಾಗಿ ಫರ್ಮ್‌ವೇರ್ ಅಪ್‌ಡೇಟಿನಲ್ಲಿ, ಅದನ್ನು ಬದಲಿಸಿ: ದೊಡ್ಡ ಫೈಲನ್ನು ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೂ ಅದರದೇ ನಾನ್ಸ್, ಅದರದೇ ಟ್ಯಾಗ್ ಕೊಡಿ. ತುಂಡಿನ ಕ್ರಮಸಂಖ್ಯೆ, ಅದು ಕೊನೆಯದೇ ಎಂಬ ಗುರುತು ಎಎಡಿಯಲ್ಲಿರಲಿ.

ನಾನ್ಸ್

ಇಡೀ ಕೆಲಸದ ಜೀವ ಇಲ್ಲಿದೆ. ಒಂದು ಕೀ ಕೆಳಗೆ ಒಂದೇ ನಾನ್ಸ್ ಎರಡು ಸಲ ಬಂದರೆ ಎರಡೂ ಸಂದೇಶಕ್ಕೆ ಒಂದೇ ಕೀಸ್ಟ್ರೀಮ್. ಎರಡು ಸೈಫರ್‌ಟೆಕ್ಸ್ಟುಗಳನ್ನು ಎಕ್ಸಾರ್ ಮಾಡಿದರೆ ಎರಡು ಮೂಲ ಸಂದೇಶಗಳ ಎಕ್ಸಾರ್ ಸಿಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ: ಎರಡು ಟ್ಯಾಗುಗಳ ವ್ಯತ್ಯಾಸದಿಂದ ಎಚ್‌ಗೆ ಒಂದು ಸಮೀಕರಣ ದೊರೆಯುತ್ತದೆ, ಅದನ್ನು ಬಿಡಿಸಿದರೆ ಮುಂದೆ ಸುಳ್ಳು ಸಂದೇಶಗಳಿಗೆ ಟ್ಯಾಗ್ ಹಾಕಬಹುದು. ಕ್ರಿಪ್ಟೋ ಸಂಶೋಧಕ ಆಂಟ್ವಾನ್ ಜೂ ಇದನ್ನು 2006ರಲ್ಲೇ ವಿವರಿಸಿದ್ದರು. ಹತ್ತು ವರ್ಷದ ಬಳಿಕ, 2016ರಲ್ಲಿ, ಸಂಶೋಧಕರು ಇಂಟರ್‌ನೆಟ್ ಜಾಲಾಡಿದಾಗ ನಾನ್ಸ್ ಮರುಬಳಸುವ 184 ಎಚ್‌ಟಿಟಿಪಿಎಸ್ ಸರ್ವರುಗಳು ಸಿಕ್ಕವು.

ಯಾದೃಚ್ಛಿಕ ನಾನ್ಸ್ ಆದರೆ ಒಂದು ಕೀಗೆ 2ರ 32ನೇ ಘಾತಕ್ಕಿಂತ ಹೆಚ್ಚು ಸಂದೇಶ ಬೇಡ ಎಂದು ನಿಸ್ಟ್ ಮಿತಿ ಹಾಕಿದೆ. ಆದರೆ ಸಣ್ಣ ಚಿಪ್ಪಿನಲ್ಲಿ ಪವರ್ ಬಂದ ಕೂಡಲೇ ಸಿಗುವ ‘ಯಾದೃಚ್ಛಿಕ’ ಬೈಟುಗಳು ಪ್ರತಿ ಸಲವೂ ಒಂದೇ ಆಗಿರುವ ಅಪಾಯ ದೊಡ್ಡದು. ಕೌಂಟರೇ ಮೇಲು. ಕೌಂಟರಿನ ಶತ್ರು ವಿದ್ಯುತ್ ಕಡಿತ. ಭೋಸರಿಯ ಘಟಕಗಳಿಗೆ ಗುರುವಾರ ವಾರದ ರಜೆ. ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ. ಶುಕ್ರವಾರ ಬೆಳಗಿನ ಪಾಳಿಗೆ ಸ್ವಿಚ್ ಏರಿದಾಗ ರ‍್ಯಾಮಿನಲ್ಲಿದ್ದ ಕೌಂಟರ್ ಸೊನ್ನೆಯಾಗಿ, ಹಿಂದಿನ ವಾರದ ನಾನ್ಸುಗಳೇ ಸಾಲಾಗಿ ಹೊರಡುತ್ತವೆ.

ಪ್ರತಿ ಸಂದೇಶಕ್ಕೂ ಫ್ಲ್ಯಾಶಿಗೆ ಬರೆದರೆ ಫ್ಲ್ಯಾಶ್ ಸವೆಯುತ್ತದೆ: 10 ಸೆಕೆಂಡಿಗೊಂದರಂತೆ ದಿನಕ್ಕೆ 8,640. ಅದರ ಬದಲು ಮುಂಗಡ ಕಾದಿರಿಸಿ. ಫ್ಲ್ಯಾಶಿನಲ್ಲಿ ಇಡುವುದು ಬಳಸಿದ ಕೌಂಟರನ್ನಲ್ಲ, ‘ಇದರ ಕೆಳಗಿನದನ್ನು ಮಾತ್ರ ಬಳಸಬಹುದು’ ಎಂಬ ಮಿತಿಯನ್ನು. ಹೊಸ ಮಿತಿ, ಅಂದರೆ ಹಳೆಯದಕ್ಕೆ 1,000 ಕೂಡಿಸಿದ್ದು, ಮೊದಲು ಬರೆದು, ಓದಿ ಖಚಿತಪಡಿಸಿಕೊಂಡು, ಆಮೇಲಷ್ಟೇ ಆ ಸಾವಿರವನ್ನು ರ‍್ಯಾಮಿನಲ್ಲಿ ಎಣಿಸುತ್ತ ಬಳಸಿ. ಪವರ್ ಹೋಗಿ ಬಂದರೆ ಬರೆದಿದ್ದ ಮಿತಿಯಿಂದಲೇ ಶುರು. ಉಳಿದಿದ್ದ ನಾನ್ಸುಗಳು ವ್ಯರ್ಥವಾದವು, ಆಗಲಿ. 8 ಬೈಟ್ ಕೌಂಟರಿನಲ್ಲಿ ಸಾವಿರ ಲೆಕ್ಕಕ್ಕೇ ಇಲ್ಲ.

2 ಕೆಬಿ ಪುಟದಲ್ಲಿ 16 ಬೈಟಿನ 128 ಮನೆ ಮಾಡಿ: 8 ಬೈಟ್ ಮಿತಿ, ಉಳಿದದ್ದರಲ್ಲಿ ಸಿಆರ್‌ಸಿ, ಅಂದರೆ ಬರಹ ಹಾಳಾಗಿದೆಯೇ ಎಂದು ಹಿಡಿಯುವ ತಪಾಸಣಾ ಅಂಕಿ. ವರ್ಷಕ್ಕೆ ಸುಮಾರು 3,154 ಬರಹ, ಹತ್ತು ವರ್ಷಕ್ಕೆ 31,540ರ ಆಸುಪಾಸು. ಅಂದರೆ ಪುಟ ಅಳಿಸುವುದು ಸುಮಾರು 246 ಸಲ. ಸ್ವಿಚ್ ಆನ್ ಆದಾಗಲೆಲ್ಲ ಒಂದು ಮನೆ ಹೆಚ್ಚಿಗೆ ಸೇರಿಸಿಕೊಂಡರೂ, 10,000 ಸಲ ಅಳಿಸಬಹುದಾದ ಫ್ಲ್ಯಾಶಿಗೆ ಇದು ಏನೂ ಅಲ್ಲ. ಪುಟ ಎರಡಿರಲಿ, ಹೊಸ ಪುಟದಲ್ಲಿ ಮೊದಲ ಮನೆ ಸರಿಯಾಗಿ ಬರೆದ ಮೇಲಷ್ಟೇ ಹಳೆಯದನ್ನು ಅಳಿಸಿ. ಬರೆಯುವಾಗಲೇ ಪವರ್ ಹೋದರೆ ಆ ಮನೆಯ ಸಿಆರ್‌ಸಿ ತಪ್ಪುತ್ತದೆ; ಹಿಂದಿನ ಸರಿಯಾದ ಮಿತಿಯನ್ನು ಹಿಡಿಯಿರಿ. ಬರಹ ಮುಗಿದಿರಲಿಲ್ಲವಾದ್ದರಿಂದ ಆ ಮಿತಿಯಿಂದ ಮೇಲಿನ ನಾನ್ಸ್ ಯಾವುದೂ ಬಳಕೆಯಾಗಿರುವುದಿಲ್ಲ. ಹಾಳಾದ ಮನೆಯ ಮೇಲೆ ಮತ್ತೆ ಬರೆಯದೆ ಮುಂದಿನದಕ್ಕೆ ಹೋಗಿ.

ಸರಿಯಾದ ಮನೆ ಒಂದೂ ಸಿಗದಿದ್ದರೆ ಸೊನ್ನೆಯಿಂದ ಶುರು ಮಾಡುವ ಕೋಡು ಬರೆಯಬೇಡಿ. ರಿಪೇರಿಗೆ ಬಂದ ಬೋರ್ಡಿನ ಫ್ಲ್ಯಾಶನ್ನು ಪೂರ್ತಿ ಅಳಿಸಿ ಹಳೆಯ ಕೀಯನ್ನೇ ಮತ್ತೆ ತುಂಬಿದಾಗ ಆಗುವುದು ಇದೇ. ಸಾಧನ ಕಳಿಸುವುದನ್ನು ನಿಲ್ಲಿಸಲಿ, ಹೊಸ ಕೀ ಕೇಳಲಿ. ಒಂದು ಬೋರ್ಡಿನ ಫ್ಲ್ಯಾಶನ್ನು ಇನ್ನೊಂದಕ್ಕೆ ನಕಲು ಮಾಡಿದರೂ ಇದೇ ಅನಾಹುತ: ಅದೇ ಕೀ, ಅದೇ ಸಾಧನದ ನಂಬರ್, ಅದೇ ಕೌಂಟರ್. ಗೇಟ್‌ವೇಯಿಂದ ಲಾಗರಿಗೆ ಆದೇಶಗಳೂ ಹೋಗುವುದಾದರೆ ಆ ದಿಕ್ಕಿಗೆ ಬೇರೆಯೇ ಕೀ ಇಡಿ.

ನಾನ್ಸ್ ಪುನರಾವರ್ತನೆ ಆಗದಂತೆ ನೋಡಿಕೊಳ್ಳಲು ನಿಮ್ಮ ಹಾರ್ಡ್‌ವೇರಿನಲ್ಲಿ ಸಾಧ್ಯವೇ ಇಲ್ಲ ಎಂದಾದರೆ ಜಿಸಿಎಂ ನಿಮಗಲ್ಲ. 2019ರ ಆರ್‌ಎಫ್‌ಸಿ 8452ರಲ್ಲಿರುವ ಎಇಎಸ್-ಜಿಸಿಎಂ-ಎಸ್‌ಐವಿ ನೋಡಿ. ಅದರಲ್ಲಿ ನಾನ್ಸ್ ಮರುಕಳಿಸಿದರೆ ‘ಇದೇ ಸಂದೇಶ ಮತ್ತೆ ಬಂತು’ ಎಂಬಷ್ಟೇ ಸೋರುತ್ತದೆ. ಇನ್ನು ನಾನ್ಸ್ ಸರಿಯಿದ್ದು ಜಿಹ್ಯಾಶ್ ಮಾತ್ರ ನಿಮ್ಮ ಚಿಪ್ಪಿಗೆ ಭಾರವಾದರೆ ಸಿಸಿಎಂ ಒಳ್ಳೆಯ ಆಯ್ಕೆ: ಬ್ಲಾಕಿಗೆ ಎರಡು ಎಇಎಸ್ ಕರೆ, ಬೇರೆ ಗುಣಾಕಾರವಿಲ್ಲ. ಬ್ಲೂಟೂತ್ ಲೋ ಎನರ್ಜಿ ಬಳಸುವುದು ಅದನ್ನೇ.

ರಿಸೀವರ್ ಕಡೆಯಲ್ಲಿ ಎರಡು ಕೆಲಸ ಬಾಕಿ. ಟ್ಯಾಗ್ ಒಪ್ಪಿದ ಮೇಲೆ, ಪ್ರತಿ ಸಾಧನದಿಂದ ಒಪ್ಪಿತವಾದ ಕೊನೆಯ ಕೌಂಟರಿಗಿಂತ ದೊಡ್ಡದನ್ನಷ್ಟೇ ಸ್ವೀಕರಿಸಿ. ಇಲ್ಲದಿದ್ದರೆ ಹಿಡಿದಿಟ್ಟುಕೊಂಡ ನಿನ್ನೆಯ ಸಂದೇಶವನ್ನು ಇಂದು ಮತ್ತೆ ಊದಬಹುದು. ಜಿಸಿಎಂ ಅದನ್ನು ತಡೆಯುವುದಿಲ್ಲ. ಹೀಗೆ ತಳ್ಳಿದ ಸಂದೇಶಗಳನ್ನೂ ಡೇಟಾಬೇಸಿನಲ್ಲಿ ಕೀ ನಂಬರ್, ಸಾಧನದ ನಂಬರ್, ಕೌಂಟರ್ ಸಮೇತ ಇಟ್ಟುಕೊಳ್ಳಿ. ಅದೇ ಮೂರು ಅಂಕಿ, ಆದರೆ ಬೇರೆ ಟ್ಯಾಗ್ ಇರುವ ಎರಡು ಸಾಲು, ಎರಡರದೂ ಟ್ಯಾಗ್ ಸರಿ ಎಂದು ಸಿಕ್ಕಿದರೆ ಅದು ಹಳೆಯ ಸಂದೇಶದ ಪುನರಾವರ್ತನೆಯಲ್ಲ, ನಾನ್ಸೇ ಮರುಬಳಕೆಯಾಗಿದೆ. ಆ ಕೀಯನ್ನು ಅಂದೇ ರದ್ದು ಮಾಡಿ. ಸಾಗಿಸುವ ಮುನ್ನ ಬೆಂಚಿನ ಮೇಲೆ ಇದನ್ನು ಬೇಕೆಂದೇ ಕೆಣಕಿ ನೋಡಿ: ಮಿತಿಯ ಹೆಜ್ಜೆಯನ್ನು 1,000ದ ಬದಲು 4ಕ್ಕೆ ಇಳಿಸಿ, ರಿಲೇಯೊಂದರಿಂದ ಪವರನ್ನು ಗೊತ್ತುಗುರಿಯಿಲ್ಲದ ಅಂತರದಲ್ಲಿ ಕಡಿದು ಕೊಡುತ್ತ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸರ್ವರಿನಲ್ಲಿ ಅಂಥ ಜೋಡಿ ಸಾಲು ಒಂದೂ ಇರಬಾರದು.